ನಲವತ್ತನಾಕು ಸುತ್ತು

ಎಣಸಾಕತ್ತೀನಿ, ನಡುವ ಮಾತಾಡಬ್ಯಾಡ ಮೌನಿ.
ಹದಿನೇಳು, ಹದಿನೆಂಟು.
ಅಸುಂಡಿಯವರ ಐದು ಎಚ್‌ಪಿ ಮೋಟರು ಇದು,
ರಾತ್ರಿ ಒಂದು ಫೇಸ್ ಹೋಗೇತಿ,
ಉಳಿದೆರಡು ಅದರ ಭಾರಾನೂ ಹೊತ್ತು
ಕರ್ರಗ ಸುಟ್ಟು ಕುಂತಾವ.
ಈ ವಾರ್ನಿಷಿನ ನಾತ ನನ್ನ ಸೆರಗಿನ್ಯಾಗ
ಇಪ್ಪತ್ತೆರಡು ವರ್ಷದಿಂದ ಐತಿ.
ತೊಟ್ಟಿಲದಾಗ ನೀ ನನ್ನ ಗುರುತು ಹಿಡೀತಿದ್ದದ್ದು
ಇದರಿಂದನ.

ಹತ್ತೊಂಬತ್ತೋ, ಇಪ್ಪತ್ತೋ?
ನೋಡು, ತಪ್ಪಿತು.
ಬಿಚ್ಚು. ಮತ್ತ ಒಂದರಿಂದ.

ಮುಳಗುಂದ ನಾಕಾದಾಗ ಯಾರನ್ನರ ಕೇಳು,
ಕಾಳಪ್ಪ ಬಡಿಗೇರನ ಕೈ ಬಾಳ ಛಲೋ ಅಂತಾರ.
ಛಲೋನ ಐತಿ ನಿಮ್ಮಪ್ಪನ ಕೈ,
ಬೇರಿಂಗ್ ಬಡಿಯಾಕ, ರೊಕ್ಕ ಎಣಸಾಕ.
ಕಾಯಿಲ್ ಕುಂದ್ರಸೋ ಬೆರಳು ಪರದೆ ಹಿಂದ ಇರತಾವ.
ಗಿರಾಕಿ ಬಂದ್ರ ನಾ ಒಳಗ,
ನನ್ನ ಚಾ ಹೊರಗ.

ಹತ್ತು ವರ್ಷದಾಕಿ ಇದ್ದಾಗ ಕೇಳಿದ್ದಿ, ನೆನಪೈತೇನು?
ಅವ್ವಾ, ತಂತಿ ಎಲ್ಲಾ ಸುತ್ತಲಿನ ಸ್ಲಾಟಿನ್ಯಾಗ ಐತಿ,
ನಡುವಿನ ರೋಟರಿಗೆ ಒಂದು ಎಳಿನೂ ಮುಟ್ಟಿಲ್ಲ.
ಮುಟ್ಟಲಾರದ್ದು ಹೆಂಗ ತಿರಗತೈತಿ?
ಕರೆಂಟ್ ಅಂದ್ರ ಹಂಗನ, ಅಂದೆ.
ಅಂದಾಕಿಗೆ ಆ ರಾತ್ರಿ ನಿದ್ದಿ ಹತ್ತಲಿಲ್ಲ.
ಅಷ್ಟು ಮೋಟರ್ ಸುತ್ತಿದ ಕೈ
ಒಂದ ಸಲಾನೂ ಕೇಳಿರಲಿಲ್ಲ ನೋಡು ಆ ಮಾತ.

ಉಲ್ಟಾ ತಿರಗಿದ್ರ
ಎರಡು ತಂತಿ ಅದಲು ಬದಲು ಮಾಡಬೇಕು, ಗೊತ್ತು.
ಎಷ್ಟನೇ ಗೇಜು, ಯಾವ ಸ್ಲಾಟಿಗೆ ಯಾವ ತುದಿ, ಗೊತ್ತು.
ಯಾಕ ಅನ್ನೂದು ಗೊತ್ತಿಲ್ಲ.
ಸುಟ್ಟದ್ದನ್ನ ಎಣಸಿ ವಹಿಯೊಳಗ ಬರಕೊಳ್ಳೂದು,
ಹಳೇದು ಎಷ್ಟಿತ್ತೋ ಹೊಸದೂ ಅಷ್ಟ ಸುತ್ತೂದು,
ಇಷ್ಟ ನನ್ನ ವಿದ್ಯಾ.
ನಮ್ಮವ್ವ ನನ್ನೂ ಹಂಗ ಸುತ್ತಿದ್ಲು,
ತನ್ನ ಎಣಿಕಿ ನೋಡಿ.
ನಿನ್ನ ಹಂಗ ಸುತ್ತಾಕ ನನಗ ಮನಸಾಗಲಿಲ್ಲ.

ನಿಮ್ಮ ಸೋದರತ್ತಿ ಅಂದ್ಲು,
ಹುಡುಗಿಗೆ ಎಲೆಕ್ಟ್ರಿಕಲ್ ಯಾಕ, ಕಂಬ ಹತ್ತಾಕೇನು?
ನಾ ಏನೂ ಅನಲಿಲ್ಲ.
ಆಕಿ ಮನಿ ಬೋರಿನ ಮೋಟರು
ನಮ್ಮ ಅಂಗಡ್ಯಾಗ ಬಿಚ್ಚಿ ಬಿದ್ದಿತ್ತು.
ಮೂರು ದಿನ ತಡಾ ಮಾಡಿದೆ.

ಹುಬ್ಬಳ್ಳಿ ಕಾಲೇಜಿನ ಫಾರ್ಮಿನ್ಯಾಗ
ತಾಯಿಯ ಉದ್ಯೋಗ ಅಂತ ಒಂದು ಖಾನೆ ಇತ್ತು.
ನಿಮ್ಮಪ್ಪ ಮನೆಗೆಲಸ ಅಂತ ಬರದ.
ನೀ ಪೆನ್ನು ಕಸಗೊಂಡು ಅಡ್ಡ ಗೀಟು ಹೊಡದಿ,
ಮೋಟರ್ ರಿವೈಂಡಿಂಗ್ ಅಂತ ಗಿಚಗಿಚ್ಚಿ ಬರದಿ,
ಜಾಗಾ ಸಾಲದ ಅಕ್ಷರ ಕೆಳಗಿನ ಖಾನೆಗೆ ಇಳದವು.
ಕ್ಲಾರ್ಕ್ ಕನ್ನಡಕದ ಮ್ಯಾಲಿಂದ ನನ್ನ ಬೆರಳು ನೋಡಿದ.
ಆವತ್ತ ಮೊದಲನೇ ಸಲ
ಅವನ್ನ ಸೆರಗಿನ್ಯಾಗ ಮುಚ್ಚಲಿಲ್ಲ ನಾ.

ಈಗ ನೀ ಶನಿವಾರದ ಪ್ಯಾಸೆಂಜರಿಗೆ ಬಂದು
ಮಾರಿ ಸಣ್ಣದು ಮಾಡಿ ಬ್ರ್ಯಾಂಚ್ ಬದಲಸತೀನಿ ಅಂತಿ.
ಅರವತ್ತು ಮಂದ್ಯಾಗ ಹುಡುಗ್ಯಾರು ಒಂಬತ್ತು,
ಲ್ಯಾಬಿನ್ಯಾಗ ಹುಡುಗರು ಸ್ಪ್ಯಾನರ್ ಹಿಡಕೊಂಡು ಮುಂದ,
ನೀವು ರೀಡಿಂಗ್ ಬರಕೋರಿ, ಅಕ್ಷರ ಚಂದ ಅದಾವ ಅಂತಾರ.
ಅಯ್ಯ, ಇದು ನನಗ ಗೊತ್ತಿಲ್ಲೇನ!
ಇದ ಪರದೆ, ಬಣ್ಣ ಬ್ಯಾರೆ.

ಬರಕೋಬ್ಯಾಡ.
ಸ್ಪ್ಯಾನರ್ ಇಸಕೋ. ಕೊಡದಿದ್ರ ಈ ಹಳೇದನ್ನ ಒಯ್ಯಿ,
ಹಿಡಕಿ ಸವದೇತಿ, ಹಲ್ಲು ಗಟ್ಟಿ ಅದಾವ.
ತಿರುವಿ ಆದಮ್ಯಾಲೆ
ಹಿಂದ ನಿಂತ ಹುಡುಗಿ ಕೈಯಾಗ ಕೊಡು,
ಆಕೀನೂ ಯಾರದೋ ಮನ್ಯಾಗ
ನಿದ್ದಿ ಕೆಡಸಿ ಬಂದಾಕಿನ ಇರಬೇಕು.
ಒಂಬತ್ತು ಮಂದಿ ಒಂದ ಟೇಬಲ್ಲಿಗೆ ನಿಂತ್ರ
ಜಾಗಾ ಅವರಿಗೆ ಕಡಿಮಿ ಬೀಳತೈತಿ.

ಇಕಾ, ಸೀಮೆಸುಣ್ಣ.
ನೆಲದ ಮ್ಯಾಲೆ ಬರದು ತೋರಸು,
ಎಣ್ಣಿ ಕಲೆ ಇಲ್ಲದ ಕಡೆ.
ಅರ್ಧ ತಿಳೀತೈತಿ ನನಗ,
ಉಳಿದರ್ಧ ಮುಂದಿನ ಶನಿವಾರ ಕೇಳತೀನಿ.

ಮೂವತ್ತು, ಮೂವತ್ತೊಂದು.
ಏನಂದಿ? ತಿರುಗುವ ಕ್ಷೇತ್ರ?
ನಿಲ್ಲು, ಅಸುಂಡಿಯವರು ಕಾಯಲಿ,
ತಪ್ಪಲಿ ಎಣಿಕಿ.
ಹೇಳು,
ಮುಟ್ಟಲಾರದ್ದು ಹೆಂಗ ತಿರಗತೈತಿ?