ಗೆರೆ ದಾಟಿದ ಕೆಂಪು

ಬಾ ಒಳಗೆ, ಬಾಗಿಲು ಹಾಕು, ನದಿಗಾಳಿ ಕೊರೆಯುತ್ತದೆ.
ಏನದು ಪ್ಲಾಸ್ಟಿಕ್ಕಿನ ಪೆಟ್ಟಿಗೆಯಲ್ಲಿ,
ಇಗರ್ಜಿಯಲ್ಲಿ ಸಂತರ ಮೂಳೆ ಇಟ್ಟ ಹಾಗೆ?
ಓ, ಇವನಾ!
ಬ್ರಾಸ್ ವಾರ್ಡನ್, ಮೊದಲ ಸಂಚಿಕೆ.
ಹತ್ತು ಸೆಂಟಿನ ಪುಸ್ತಕ ಮಾರಾಯ.
ಈಗ ಇದರ ಬೆಲೆಗೆ ನಮ್ಮ ಬೀದಿಯ ಎಡಬದಿಯಷ್ಟೂ ಬರುತ್ತದೆ ಅನ್ನುತ್ತೀ,
ಆದರೆ ತೆರೆಯುವಂತಿಲ್ಲ. ಸರಿ.
ಮೇಜಿನ ಮೇಲಿಡು. ಚಹಾದಿಂದ ದೂರ.

ಹೆಸರು ಬರೆದುಕೋ: ಓನಾ ಗ್ರಿಗೈಟೆ.
ಪುಸ್ತಕದಲ್ಲಿ ಹುಡುಕಬೇಡ, ಇಲ್ಲ.
ಕಥೆ ಕಟ್ಟಿದವನದಿಲ್ಲ, ಬಿಡಿಸಿದವನದಿಲ್ಲ,
ಪ್ರಕಾಶಕನದೊಂದೇ ಇದೆ, ಮತ್ತೆ
ಆರನೇ ಪುಟದಲ್ಲಿ, ಬೇಕರಿಯ ಬೋರ್ಡಿನ ಮೇಲೆ,
ಅವನ ಹೆಂಡತಿಯ ನಾಯಿಯದು.

ಬುಧವಾರದ ರೈಲಿಗೆ ನ್ಯೂಯಾರ್ಕಿನಿಂದ ಹಾಳೆ ಬರುತ್ತಿತ್ತು
ಬರೀ ಕಪ್ಪು ಗೆರೆ; ಇನ್ನೂ ಬೆಳಗಾಗದ ಊರು.
ಹಿತ್ತಾಳೆ ಕಾರ್ಖಾನೆಯ ಹಿಂದೆ, ಮೂರನೇ ಮಹಡಿಯಲ್ಲಿ,
ಸತುವಿನ ತಗಡಿಗೆ ಬಾಗಿದ ಹದಿನಾಲ್ಕು ಹೆಂಗಸರು.
ಫಿಲೊಮೆನಾ ಹಳದಿ. ಬ್ರಿಜಿಡ್ ಕೀಫ್ ನೀಲಿ. ನಾನು ಕೆಂಪು.
ಮೂವರೂ ಸೇರಿದರೆ ಒಂದು ಕೆನ್ನೆ.

ಬಿಡಿಸಿದವನು ಮೆಂಡಲ್ ಝಾಕ್ಸ್, ಹತ್ತೊಂಬತ್ತರ ಹುಡುಗ.
ಅಂಚಿನಲ್ಲಿ ಪೆನ್ಸಿಲ್ಲಿನಿಂದ ಗೀಚಿದ್ದ:
‘ಕೆಂಪಿನವರೇ, ಮೇಲಂಗಿಗೆ
ನನ್ನ ಅಮ್ಮನ ಕೋಟಿನ ಬಣ್ಣ ಬರಲಿ.’
ಅವನಮ್ಮನ ಕೋಟು ನಾನೆಲ್ಲಿ ಕಂಡೆ?
ನನ್ನಮ್ಮನ ಬೀಟ್‌ರೂಟ್ ಸಾರನ್ನು ನೆನೆದು ಹಚ್ಚಿದೆ.
ಅವನು ಮುಂದಿನ ವಾರ ಬರೆದ: ‘ಅದೇ.’

ನೂರಹತ್ತು ಡಾಲರಿಗೆ ಅವನು ವಾರ್ಡನ್ನನನ್ನು ಮಾರಿಬಿಟ್ಟ,
ಎಮ್ಮೆ ಮಾರಿದವನು ಹಗ್ಗವನ್ನೂ ಕೊಟ್ಟ ಹಾಗೆ
ಹುಡುಗ ಬಟನ್, ವೈರಿ ವರ್ಡಿಗ್ರಿಸ್, ಎಲ್ಲ ಸೇರಿ.
ವರ್ಡಿಗ್ರಿಸ್ ಅಂದರೆ ಕಿಲುಬು.
ಹಿತ್ತಾಳೆಯ ಊರಿನವರಿಗೆ ಬಿಡಿಸಿ ಹೇಳಬೇಕೆ,
ಆ ವೈರಿ ಹೊರಗಿನಿಂದ ಬರುವುದಿಲ್ಲವೆಂದು?
ವಿನಿಗರ್, ಉಪ್ಪು, ತಿಕ್ಕು, ಮತ್ತೆ ತಿಕ್ಕು.

ಆಮೇಲೆ ಯುದ್ಧ. ಝಾಕ್ಸ್ ಹೋದ.
ವಾರ್ಡನ್ನನ ಗದ್ದ ತಿಂಗಳಿಗೊಂದು ಥರ ಆಯಿತು;
ಯಾರ್ಯಾರದೋ ಕೈ, ಯಾರ್ಯಾರದೋ ಗದ್ದ.
ಮಕ್ಕಳು ರದ್ದಿ ಸಂಗ್ರಹಕ್ಕೆ ಅವನನ್ನೇ ಕಟ್ಟುಕಟ್ಟಾಗಿ ಹೊತ್ತರು.
ಅದಕ್ಕೇ ಉಳಿದದ್ದು ಇಷ್ಟು ಕಡಿಮೆ. ಅದಕ್ಕೇ ನಿನ್ನ ಪೆಟ್ಟಿಗೆ.
ಝಾಕ್ಸ್? ಬಂದ. ಎಡಗಣ್ಣಿಲ್ಲದೆ.
ಸಿಗರೇಟ್ ಜಾಹೀರಾತು ಬಿಡಿಸಿಕೊಂಡಿದ್ದ ಅಂತ ಕೇಳಿದೆ.

ಐವತ್ತನಾಲ್ಕರಲ್ಲಿ ಪುಸ್ತಕ ಮಕ್ಕಳನ್ನು ಕೆಡಿಸುತ್ತದೆಂದರು.
ಶಾಲೆಯ ಹಿಂದೆ ಬೆಂಕಿ ಹಾಕಿದರು.
ನನ್ನ ವೀಟಸ್, ಹದಿನಾಲ್ಕು ವರ್ಷ,
ತನ್ನ ಕಟ್ಟನ್ನು ತಾನೇ ಒಯ್ದ, ಪಾದ್ರಿ ಬೆನ್ನು ತಟ್ಟಿದರು.
ರಾತ್ರಿ ಊಟಕ್ಕೆ ಕೂತಾಗ ಅವನ ಹುಬ್ಬು ಸುಟ್ಟ ವಾಸನೆ.
ನಾನು ಏನೂ ಅನ್ನಲಿಲ್ಲ. ಬಡಿಸಿದೆ.
ಎಪ್ಪತ್ತೊಂದನೇ ಸಂಚಿಕೆಗೆ ವಾರ್ಡನ್ ನಿಂತ,
ಒಂದು ಸೇತುವೆಯ ಮಧ್ಯದಲ್ಲಿ, ‘ಮುಂದುವರಿಯುವುದು’ ಅಂತ ಬರೆದುಕೊಂಡು.

ಮುಂದುವರಿದ, ಏಳು ವರ್ಷಕ್ಕೆ, ಬೇರೆ ಕಂಪನಿಯಲ್ಲಿ.
ನೀಲಿ ಮೇಲಂಗಿ! ಬ್ರಿಜಿಡ್ ವಾರಗಟ್ಟಲೆ ಬೀಗಿದಳು.
ಬಟನ್‌ನನ್ನು ಕೊಂದರು, ಮಾರಾಟ ಏರಿತು,
ಬದುಕಿಸಿದರು, ಮತ್ತೂ ಏರಿತು.

ನೀನು ಕೇಳಲು ಬಂದದ್ದು ಇದು ತಾನೆ, ಮುಖಪುಟ,
ಎಡ ಭುಜದಲ್ಲಿ ಗೆರೆ ದಾಟಿ ಹೊರಚೆಲ್ಲಿದ ಕೆಂಪು.
ಪಂಡಿತರು ಬರೆದಿದ್ದಾರಂತೆ: ವೇಗದ ಸಂಕೇತ,
ಚೌಕಟ್ಟಿಗೆ ಒಗ್ಗದ ನಾಯಕ.
ಇರಬಹುದು. ಅಂದು ನನಗೆ ಎಂಟು ತಿಂಗಳು.
ಹೊಟ್ಟೆ ಮೇಜಿಗೆ ತಾಕುತ್ತಿತ್ತು, ಕೈ ಮೇಲಂಗಿಯ ಅಂಚಿನಲ್ಲಿತ್ತು,
ಒಳಗಿದ್ದವನು ಒದ್ದ.
ಒರೆಸಲು ಹೊತ್ತಿರಲಿಲ್ಲ, ಐದರ ಲಾರಿ ಕಾಯುತ್ತಿತ್ತು.
ಆಮೇಲೆ ಅವನೇ ಹೋಗಿ ಸುಟ್ಟುಬಂದ, ನೋಡು,
ತನ್ನ ಒಂದೇ ಒಂದು ಚಿತ್ರವನ್ನು.

ಮುಟ್ಟಲೆ? ಪ್ಲಾಸ್ಟಿಕ್ಕಿನ ಮೇಲೆಯೇ.
ತಣ್ಣಗಿದೆ.
ಆ ನಾಯಿಯ ಹೆಸರು ನಾಲಗೆಯ ತುದಿಯಲ್ಲಿದೆ, ತಾಳು...
ಆರನೇ ಪುಟ ತಿರುವಿದರೆ ಗೊತ್ತಾಗುತ್ತಿತ್ತು.
ತೆರೆಯುವಂತಿಲ್ಲ ಅಂದೆಯಲ್ಲ.