ಗಂಟಿಗೆ ದಾರಿ ಬಿಟ್ಟು

ದೊಡ್ಡಾಟದ ಮಾಸ್ತರ ಈರಬಸಪ್ಪ ಹೇಳಿದ್ದು ಇಷ್ಟೇ:
‘ಅರ್ಜುನಗ ಒಂದು ಬಿಲ್ಲು ಬೇಕೋ ಮೌನೇಶಿ,
ಟ್ಯೂಬ್‌ಲೈಟಿನ್ಯಾಗ ಹೊಳೀಬೇಕು, ಅಷ್ಟ.’

ಹೊಳೆಯುವುದನ್ನೇ ಅಂಟಿಸಿ ಅಂಟಿಸಿ ಬೇಸತ್ತಿದ್ದೆ.
ಮುಂಡರಗಿಯ ಅರ್ಧ ಊರಿನ ಅಡಿಗೆಮನೆಗಳಿಗೆ
ಸನ್ಮೈಕಾ ಹೊದಿಸಿದ ಕೈ ಇದು.
ಪ್ಲೈವುಡ್ಡಿಗೆ ತಲೆ ಯಾವುದು, ಬುಡ ಯಾವುದು,
ಯಾವ ಕಡೆಯಿಂದ ಕೊಯ್ದರೂ ಸುಮ್ಮನಿರುತ್ತದೆ.

ಡೋಣಿಯ ಹಾದಿಯಲ್ಲಿ ಕಾಶೀಮಸಾಬರ ಹೊಲದ ಬದುವಿಗೆ
ಜೆಸಿಬಿ ಕಿತ್ತು ಒಗೆದಿತ್ತು ಒಂದು ಹಳೇ ಕಾರೆಗಿಡ.
ತೊಡೆಗಾತ್ರ. ಮೈತುಂಬ ಗಂಟು, ಗಂಟಿನ ಬಗಲಿಗೆ ಮುಳ್ಳು.
‘ಒಲಿಗೂ ಬರೂದಿಲ್ಲ, ಕೊಡ್ಲಿ ಬಾಯಿ ಮುರೀತದ’ ಅಂದರು ಸಾಬರು,
ಅನ್ನುತ್ತಲೇ ಹೊರಲು ಕೈ ಹಚ್ಚಿದರು.

ನಡುವೆ ಸೀಳಿ, ತುದಿಗಳಿಗೆ ಮೇಣ ಸವರಿ
ಅಟ್ಟದ ಮೇಲೆ ಮಲಗಿಸಿದೆ ಒಂದು ವರ್ಷ.
ಬೇಸಿಗೆಯ ರಾತ್ರಿ ಅದು ಟಪ್ ಅನ್ನುತ್ತಿತ್ತು.
‘ಇಲಿ’ ಅನ್ನುತ್ತಿದ್ದಳು ಕಾಳಮ್ಮ ನಿದ್ದೆಗಣ್ಣಲ್ಲಿ.
ಇಲಿಯಲ್ಲ. ಕಟ್ಟಿಗೆ ನೀರು ಬಿಡುವ ಸಪ್ಪಳ.

ಬಿಲ್ಲಿನ ಬೆನ್ನಿಗೆ ಒಂದೇ ಸುತ್ತು ಸಿಗಬೇಕು
ಈ ತುದಿಯಿಂದ ಆ ತುದಿ, ಎಲ್ಲಿಯೂ ಹರಿಯದ ಹಾಗೆ.
ಗಂಟು ಬಂದಲ್ಲಿ ಸುತ್ತು ಉಬ್ಬುತ್ತದೆ,
ಕೌದಿಯ ಕೆಳಗೆ ಕೂಸಿನ ಮೊಣಕಾಲು ಎದ್ದ ಹಾಗೆ.
ಉಬ್ಬು ಕಂಡರೆ ಸವರುವುದು ನನ್ನ ಕೈಯ ಚಟ.
ಸವರಿದೆ.
ಎಳೆದೆ.
ಯಾರೋ ಹಿಂದಿನಿಂದ ನಕ್ಕ ಹಾಗೆ ಒಡೆಯಿತು,
ಚೂರೊಂದು ಹಾರಿ ಕ್ಯಾಲೆಂಡರಿನ ಅಮಾವಾಸ್ಯೆಗೆ ನೆಟ್ಟಿತು.

ಉಳಿದಿದ್ದು ಇನ್ನರ್ಧ.
ಈ ಸಲ ಗಂಟಿಗೆ ದಾರಿ ಬಿಟ್ಟೆ.
ಅದು ಎಡಕ್ಕೆ ಹೊರಳಿದಲ್ಲಿ ನಾನೂ ಎಡಕ್ಕೆ,
ದಪ್ಪಗೇ ಇರುತ್ತೇನೆ ಅಂದಲ್ಲಿ, ಇರು ಅಂದೆ.
ಬಾಚಿ ಇಟ್ಟು ಅರ ಹಿಡಿದೆ, ಅರ ಇಟ್ಟು
ಒಡೆದ ಸೋಡಾ ಬಾಟ್ಲಿಯ ಚೂರು.
ನಶ್ಯದಂಥ ಹುಡಿ ಮೂಗಿಗೇರಿ ಸೀನು.

ಗೋಡೆಗೆ ಗೂಟ, ಗೂಟಕ್ಕೆ ಬಿಲ್ಲು, ಹೆದೆಗೆ
ಉಳ್ಳಾಗಡ್ಡಿ ತೂಗುವ ಕೊಕ್ಕೆ ತಕ್ಕಡಿ.
ಐದು ಕಿಲೋ. ಮೇಲಿನ ತೋಳು ಬಗ್ಗಿತು,
ಕೆಳಗಿನದು ಸೆಟೆದು ನಿಂತಿತು, ಊಟಕ್ಕೇಳದ ಬೀಗನ ಹಾಗೆ.
ಕೆರೆದೆ. ಇಪ್ಪತ್ತು ಸಲ ಎಳೆದೆ. ಮತ್ತೆ ಕೆರೆದೆ.
ದೀಪಾವಳಿ ಹೋಗಿ ಎಳ್ಳಮಾಸಿ ಬಂತು.
ಹದಿನೆಂಟು ಕಿಲೋಕ್ಕೆ ಬೀಗ ಎದ್ದ.

ಹೆದೆ ಬೆಟಗೇರಿ ಮಗ್ಗದ ನೂಲು.
ಅಂಬಕ್ಕ ಮೂವತ್ತಾರು ಎಳೆ ಹೊಸೆದು ಕೊಟ್ಟು ಅಂದಳು:
‘ಸೀರಿಗೂ ಇಷ್ಟು ಗಟ್ಟಿ ಹಾಕಿದ್ದರ
ಯಾರೂ ಎರಡನೇದು ಕೊಳ್ಳತಿರಲಿಲ್ಲ ನೋಡು.’

ಅಷ್ಟರಲ್ಲಿ ಆಟ ಎರಡು ಸಲ ಆಗಿಹೋಗಿತ್ತು.
ಪಿವಿಸಿ ಪೈಪಿಗೆ ಜರಿ ಕಾಗದ ಸುತ್ತಿಕೊಂಡು
ಅರ್ಜುನ ಮೀನು ಹೊಡೆದು ಮದುವೆಯನ್ನೂ ಆಗಿದ್ದ.
ಮಾಸ್ತರು ಬಿಲ್ಲನ್ನು ಕಣ್ಣಿನ ನೇರಕ್ಕೆ ಹಿಡಿದರು:
‘ಎದಕ್ಕೋ ಇಷ್ಟು ಸೊಟ್ಟ?’
ಕಿವಿಯ ತನಕ ಎಳೆಯಲು ಹೋದರು. ಗದ್ದಕ್ಕೇ ನಿಂತಿತು, ಕೆಮ್ಮು ಬಂತು.
ಮೂಲೆಗೆ ಆನಿಸಲಿಲ್ಲ ಆದರೂ.
ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟರು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ, ಅಂತಾರೆ.
ಇದು ಗಿಡವಾಗಿ ಬಗ್ಗಿರಲಿಲ್ಲ. ಮರವಾಗಿಯೂ ಇಲ್ಲ.
ಸತ್ತು, ಒಣಗಿ, ಅರ್ಧ ಮೈ ಕಳಕೊಂಡ ಮೇಲೆ
ನನ್ನ ದವಡೆಯವರೆಗೆ ಬರುತ್ತದೆ.
ಬಿಟ್ಟ ಕೂಡಲೇ ಮರಳಿ ತನ್ನ ಸೊಟ್ಟಕ್ಕೆ.

ನಿನ್ನೆ ಸಂಜೆ ಕುಸುಬಿ ಎಣ್ಣೆ ತಿಕ್ಕಿ
ಹಿತ್ತಲಲ್ಲಿ ಹತ್ತಿಕಾಳಿನ ಚೀಲಕ್ಕೆ ಗುರಿ ಇಟ್ಟೆ.
ಚೀಲಕ್ಕೆ ಏನೂ ಆಗಲಿಲ್ಲ.
ಬಾಣ ಬಚ್ಚಲಮರೆ ದಾಟಿ ಎಲ್ಲಿಯೋ ಹೋಯಿತು.
ಕಾಳಮ್ಮ ಬ್ಯಾಟರಿ ಹಿಡಿದು ಬೇಲಿಯುದ್ದಕ್ಕೂ ಹುಡುಕಿ
ಬರಿಗೈಯಲ್ಲಿ ಬಂದಳು.
‘ಇಲಿ ಒಯ್ದಿರಬೇಕು’ ಅಂದಳು.