ಕಟಾವಿನ ಸರದಿ

ಸಿಕ್ಕಿದ್ದು ಮಂಗಳವಾರ, ಹನ್ನೊಂದರ ಹೊತ್ತಿಗೆ,
ಸಣ್ಣಮರಿಗೌಡರ ಎರಡನೇ ಕೂಳೆಯಲ್ಲಿ,
ನಾಲೆ ಕಡೆಯಿಂದ ಏಳನೇ ಸಾಲು.
ಹೂವಿನಹಡಗಲಿಯಿಂದ ಬಂದ ಗ್ಯಾಂಗಿನ ದುರುಗಮ್ಮ
ಎತ್ತಿದ ಮಚ್ಚು ಎತ್ತಿದಂತೆಯೇ ಹಿಡಿದು
'ಬೆಕ್ಕಿನ ಮರಿ' ಅಂದಳಂತೆ ಮೊದಲು.
ಆಮೇಲೆ ಪಂಜ ನೋಡಿದಳಂತೆ.

ಮೂರು.
ಕಣ್ಣು ಬಿಟ್ಟು ನಾಲ್ಕೈದು ದಿನ ಆಗಿರಬೇಕು,
ಹೊಗೆ ಬೆರೆತ ನೀಲಿ ಇನ್ನೂ ಹೋಗಿರಲಿಲ್ಲ.
ಮೈಮೇಲಿನದು ಚುಕ್ಕಿ ಅನ್ನುವುದಕ್ಕಿಂತ
ಯಾರೋ ಇದ್ದಿಲ ಕೈ ಒರೆಸಿದ ಗುರುತು.

ಊರು ಬಂತು, ಊರಿನ ಮೊಬೈಲೆಲ್ಲ ಬಂತು.
ನಾನು ದಿನಗೂಲಿ ವಾಚರ್,
ಅಂಗಿ ಇಲಾಖೆಯದು, ಪ್ಯಾಂಟು ನನ್ನದು.
'ಮುಟ್ಬೇಡ್ರಪ್ಪಾ, ಮನುಷ್ಯರ ವಾಸನೆ ಹತ್ತುತ್ತೆ'
ಎಂದು ಗಂಟಲು ಕಟ್ಟುವಷ್ಟು ಕೂಗಿ
ನಾನೇ ಎತ್ತಿ ಟೊಮೆಟೊ ಕ್ರೇಟಿಗೆ ಹಾಕಿದೆ,
ಬೀಡಿ ನಾರುವ ಕೈಯಲ್ಲಿ.

ನಮ್ಮಜ್ಜಿ ಇದನ್ನು ಕಿರುಬ ಅನ್ನುತ್ತಿದ್ದಳು.
ಕಿರುಬ ಬೆಟ್ಟದ್ದು, ಬಂಡೆಸಂದಿನದು,
ಕಾರೆ, ಕಕ್ಕೆ, ಸೀಗೆ ಮೆಳೆಯೊಳಗಿನದು,
ಹೊತ್ತು ಮುಳುಗಿದ ಮೇಲೆ ಹೆಸರು ಹೇಳಬಾರದ್ದು.
ಆ ಬೆಟ್ಟ ಈಗ ಜಲ್ಲಿ.
ಶಾಲೆಯ ಕಾಂಪೌಂಡಿನಲ್ಲಿದೆ, ಹೈವೇಯ ಸೇತುವೆಯಲ್ಲಿದೆ,
ನನ್ನ ಮನೆಯ ತಾರಸಿಯಲ್ಲೂ
ಎರಡು ಟ್ರ್ಯಾಕ್ಟರ್ ಲೋಡು ಇದೆ.

ಈ ಮರಿಗಳ ತಾಯಿ ಬೆಟ್ಟ ಕಂಡಿರಲಾರಳು.
ಅವಳ ತಾಯಿಯೂ ಕಬ್ಬಿನಲ್ಲೇ ಹುಟ್ಟಿದವಳಿರಬೇಕು.
ಕಾಡು ಅಂದರೆ ಅವಳಿಗೆ
ಮೂರು ಅಡಿಗೊಂದು ಸಾಲು,
ಕಾಲಡಿ ತರಗು, ತಲೆ ಮೇಲೆ ಸೂಲಂಗಿ,
ಕಟ್ಟು ಪದ್ಧತಿಯಲ್ಲಿ ಬಿಡುವ ನಾಲೆ ನೀರೇ ಮಳೆಗಾಲ.
ಬೇಟೆ ಅಂದರೆ ಬೀದಿನಾಯಿ, ಹೆಗ್ಗಣ,
ಕೋಳಿ ಅಂಗಡಿಯ ಪುಕ್ಕದ ಗುಂಡಿ.
ಗಿಡಕ್ಕೆಲ್ಲ ಒಂದೇ ಎತ್ತರ, ಒಂದೇ ವಯಸ್ಸು,
ಹೆಸರೂ ಅಲ್ಲ, ನಂಬರು: ೬೨೧೭೫.
ವರ್ಷಕ್ಕೊಮ್ಮೆ ಆ ಕಾಡು
ಲಾರಿ ಹತ್ತಿ ಫ್ಯಾಕ್ಟರಿಗೆ ಹೋಗುತ್ತದೆ.

'ಒಂದು ರಾತ್ರಿ ಬಿಡ್ತೀನಿ ಕಣಯ್ಯ' ಅಂದರು ಗೌಡರು,
'ಒಣಗಿದ ಕಬ್ಬಿನ ತೂಕ ನಿಮ್ ಸಾಹೇಬ್ರು ಕಟ್ಕೊಡ್ತಾರ?'
ಅರ್ಧ ಕಡಿದ ಗದ್ದೆ, ಏಳನೇ ಸಾಲಿನಲ್ಲಿ ಕ್ರೇಟು,
ಬದುವಿನ ತೆಂಗಿಗೆ ಕ್ಯಾಮೆರಾ,
ಮುಚ್ಚಿದ ಆಲೆಮನೆಯ ಗೋಡೆ ಮರೆಗೆ ನಾನು.
ಟ್ರೈಲರಿನ ಕೆಳಗೆ ಸೀರೆಯ ಜೋಲಿಯಲ್ಲಿ
ದುರುಗಮ್ಮನ ಕೂಸು ಮಗ್ಗುಲಾಯಿತು.
'ಬಂದಳೇನ್ರೀ ಅದರವ್ವ?' ಅಂತ ಎರಡು ಸಲ ಕೇಳಿದಳು,
ಮೂರನೇ ಸಲ ಕೇಳಲಿಲ್ಲ, ನಿದ್ದೆಯೂ ಹೋಗಲಿಲ್ಲ.

ಎರಡು ನಲವತ್ತಕ್ಕೆ ಜೀರುಂಡೆ ನಿಂತಿತು.
ಬಂದದ್ದು ಕಾಣಲಿಲ್ಲ,
ಕತ್ತಲೆ ಒಂದು ಕಡೆ ಸ್ವಲ್ಪ ಗಟ್ಟಿಯಾಯಿತು ಅಷ್ಟೆ.
ಒಂದನ್ನು ಕಚ್ಚಿಕೊಂಡು ಹೋದಳು.
ಅರ್ಧ ಗಂಟೆಗೆ ಇನ್ನೊಂದು.
ಆಮೇಲೆ ನಾಲ್ಕು ಹೊಡೆದರೂ ಇಲ್ಲ.
ಎಣಿಸಲು ಬರುತ್ತದೋ ಇಲ್ಲವೋ ಅವಕ್ಕೆ,
ಕ್ರೇಟಿನೊಳಗೆ ಆ ಒಂಟಿ ಮರಿ
ಪ್ಲಾಸ್ಟಿಕ್ಕು ಕೆರೆಯುವ ಸದ್ದು,
ಜೋಲಿಯೊಳಗಿನ ಕೂಸಿಗೆ ದುರುಗಮ್ಮ ತಟ್ಟುವ ಸದ್ದು,
ನಾಲೆ ಸುಮ್ಮನೆ ಹರಿಯುವುದು.
ಬಂದಳು, ನಸುಕಿಗೆ ಮುಂಚೆ.
ಕ್ರೇಟು ಮೂಸಿದಳು, ನನ್ನ ಬೀಡಿಯನ್ನೂ ಮೂಸಿದಳು,
ಆದರೂ ಎತ್ತಿಕೊಂಡಳು.

ಬೆಳಿಗ್ಗೆ ಚಪ್ಪಾಳೆ, ಗ್ರೂಪಿನಲ್ಲಿ ವಿಡಿಯೋ.
'ತಾಯಿ ಮಡಿಲು ಸೇರಿದ ಮರಿಗಳು' ಅಂತ ಬರೆದುಕೊಂಡರು ಸಾಹೇಬರು.
ನಾನು ಹೆಜ್ಜೆ ಹಿಡಿದು ಹೋದೆ:
ತೂಬಿನ ಕಲ್ಲು ದಾಟಿ, ಆಚೆ ದಡ ಹತ್ತಿ,
ಬೋರಮ್ಮನವರ ಆರು ಎಕರೆಗೆ.
ಸೊಂಪಾದ ಕಬ್ಬು. ಗಾಳಿಯೂ ಹೊಕ್ಕಲಾರದಂಥದ್ದು.

ಜೇಬಿನಲ್ಲಿ ಫ್ಯಾಕ್ಟರಿಯ ಫೀಲ್ಡ್‌ಮ್ಯಾನ್ ಕೊಟ್ಟ ಕಟಾವಿನ ಪಟ್ಟಿ.
ಬೋರಮ್ಮ, ಆರು ಎಕರೆ, ಇಪ್ಪತ್ತೇಳನೇ ತಾರೀಕು.
ಗ್ಯಾಂಗು ಅದೇ.

ಮಧ್ಯಾಹ್ನ ಕ್ರೇಟಿನವನು ಬಂದ,
ಸಂತೆಗೆ ಬೇಕಿತ್ತಂತೆ.
ಇರಲಿ ಬಿಡು ಇನ್ನೊಂದು ವಾರ, ಅಂದೆ.